ಗಡಿ ತಪ್ಪಿದ ಪಾರ್ಟಿಷನ್

ಕಂಪ್ಯೂಟರ್ ಕೆಟ್ಟಿದೆ ಎಂದು ಒಬ್ಬರ ಹತ್ತಿರ ಬಾಯಿಬಿಟ್ಟರೆ ಸಾಕು, ಸಲಹೆ ಕೊಡುವವರು ಬೀದಿಬೀದಿಯಲ್ಲೂ ಸಿಗುತ್ತಾರೆ. ನನ್ನದು ಕೆಟ್ಟಿರಲೂ ಇಲ್ಲ.

ನನ್ನ ಲಿನಕ್ಸ್ ಕಂಪ್ಯೂಟರಿನ ಹಳೆಯ ಡಿಸ್ಕಿನಲ್ಲಿ ನನ್ನ ಹೆಂಡತಿಯ ಅಡುಗೆಯ ವಿಡಿಯೊಗಳಿವೆ. ಮುಂದೆ ನಾನು ಹಸಿದಿರಬಾರದೆಂದು ಕಾಯಿಲೆಯಲ್ಲೂ ಅವಳು ಹಟ ಹಿಡಿದು ಮಾಡಿಸಿದ್ದು. ಅವಳು ಹೋದ ಮೇಲೆ ನಾನು ತೆರೆದಿರಲಿಲ್ಲ. ಬೇರೆಲ್ಲೂ ಪ್ರತಿ ಇರಲಿಲ್ಲ. ಒಂದು ಭಾನುವಾರ ಡಿಸ್ಕಿನ ವಿವರ ನೋಡಿದರೆ ಎಚ್ಚರಿಕೆ ಬಂತು: ಡಿಸ್ಕಿನೊಳಗೆ ಕಡತಗಳಿಗೆಂದು ವಿಂಗಡಿಸಿದ ಜಾಗ, ಅಂದರೆ ಪಾರ್ಟಿಷನ್, ಸರಿಯಾದ ಗಡಿಯಿಂದ ಶುರುವಾಗಿಲ್ಲ. ಚೌಕುಳಿ ಪುಸ್ತಕದಲ್ಲಿ ಮಗು ಅಂಕಿಯನ್ನು ಮನೆಯೊಳಗೆ ಬರೆಯದೆ ಗೆರೆಯ ಮೇಲೆ ಬರೆದ ಹಾಗೆ. ಕೆಲಸ ನಿಧಾನವಾಗಬಹುದು, ಅಷ್ಟೇ. ಆದರೆ ನಾನು ಗಣಿತದ ಮೇಷ್ಟ್ರು. ಗೆರೆಯ ಮೇಲೆ ಬರೆದದ್ದನ್ನು ನೋಡಿ ಸುಮ್ಮನಿರಲಾರೆ.

ಸ್ಟಾಫ್ ರೂಮಿನಲ್ಲಿ

ಗಡಿ ತಪ್ಪಿದ್ದನ್ನು ಹೇಳಿದಾಗ ವಿಜ್ಞಾನದ ಮೇಡಂ ಕೇಳಿದರು, “ಓಡ್ತಾ ಇದೆಯಾ ಸಾರ್?”

“ಓಡ್ತಾ ಇದೆ.”

“ಮತ್ತೆ ಯಾಕೆ ಮುಟ್ತೀರಾ? ಬೆಳಿಗ್ಗೆ ಅಸೆಂಬ್ಲಿಯಲ್ಲಿ ಮಕ್ಕಳು ಒಂದು ದಿನವಾದ್ರೂ ನೆಟ್ಟಗೆ ಸಾಲಲ್ಲಿ ನಿಂತಿದಾರಾ? ಅದಕ್ಕೆ ಪ್ರಾರ್ಥನೆ ನಿಂತಿದೆಯಾ?”

ಇದು ನನಗೆ ಹೊಳೆದೇ ಇರಲಿಲ್ಲ. ಮರುದಿನ ಸಾಲು ನೆಟ್ಟಗೆ ಮಾಡಿಸಲು ಹೋದೆ. ಪ್ರಾರ್ಥನೆ ಶುರುವಾಗುವಷ್ಟರಲ್ಲಿ ಮೊದಲನೇ ಪೀರಿಯಡ್ ಮುಗಿದಿತ್ತು. ಅದು ಮೇಡಂ ಅವರ ಪೀರಿಯಡ್ಡು.

ಓನರ್ ಆಂಟಿ

ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಓನರ್ ಆಂಟಿ ಕಿಟಕಿಯಿಂದ ಇಣುಕಿದರು. “ಏನ್ ಮೇಷ್ಟ್ರೇ, ಹಂಗ್ ನೋಡ್ತಾ ಕೂತಿದೀರಾ?”

“ಇದರ ಗಡಿ ಸ್ವಲ್ಪ ಆಚೆ ಹೋಗಿದೆ ಆಂಟಿ. ವಾರ್ನಿಂಗ್ ಕೊಡ್ತಿದೆ.”

“ಎಷ್ಟು ಆಚೆ?”

“ಕೂದಲೆಳೆಗಿಂತ ಕಮ್ಮಿ.”

ಆಂಟಿ ಪಕ್ಕದ ಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. “ಮೆತ್ತಗೆ ಮಾತಾಡಿ. ನಮ್ಮ ಕಾಂಪೌಂಡು ಅವರ ಸೈಟಿನೊಳಗೆ ಒಂದಡಿ ಹೋಗಿದೆ. ಇಷ್ಟು ವರ್ಷ ಯಾರೂ ವಾರ್ನಿಂಗ್ ಕೊಟ್ಟಿಲ್ಲ.”

ಮಾರೇನಹಳ್ಳಿಯ ಕಂಪ್ಯೂಟರ್ ಅಂಗಡಿ

ಗಡಿ ಸರಿಪಡಿಸುವ ಮುಂಚೆ ಪ್ರತಿ ತೆಗೆಯಬೇಕು. ಹಳೆಯ ಡಿಸ್ಕನ್ನು ಕಳಚಿ ಒಯ್ದು ತೋರಿಸಿ, ವಿಷಯ ಹೇಳಿ, ಹೊಸದೊಂದು ಕೇಳಿದೆ. ಅಂಗಡಿಯವರಿಗೆ ನನ್ನ ಮೇಲೆ ಕನಿಕರ ಬಂತು.

“ಹೊಸದ್ಯಾಕೆ ಸಾರ್? ಹಳೇದನ್ನೇ ಫಾರ್ಮ್ಯಾಟ್ ಹೊಡೆದುಬಿಡೋಣ. ಆಮೇಲೆ ವಾರ್ನಿಂಗೇ ಬರಲ್ಲ.”

“ಒಳಗಿರೋದು?”

“ಅದೂ ಬರಲ್ಲ ಸಾರ್.”

ಹಳೆಯ ಡಿಸ್ಕನ್ನು ಎದೆಗವಚಿಕೊಂಡೇ ಹೊಸದನ್ನು ಕೊಂಡು ಹೊರಬಂದೆ.

ಕೊನೆಗೂ ನೆಟ್ಟಗಾಯಿತು

ಹೊಸ ಡಿಸ್ಕಿನಲ್ಲಿ ಪಾರ್ಟಿಷನ್ನನ್ನು ಸರಿಯಾದ ಗಡಿಯಿಂದಲೇ ಶುರು ಮಾಡಿದೆ. ಎಲ್ಲವನ್ನೂ ನಕಲು ಮಾಡಿ, ಮೂಲದೊಂದಿಗೆ ಹೋಲಿಸಿದೆ. ಎಚ್ಚರಿಕೆ ಇಲ್ಲ. ಆದರೂ ಎಲ್ಲಾದರೂ ಕೆಟ್ಟಿದ್ದರೆ ಎಂಬ ಭಯ. ತೆರೆದು ನೋಡದೆ ವಿಧಿ ಇರಲಿಲ್ಲ. ಮೊದಲನೆಯ ವಿಡಿಯೊ ಒತ್ತಿದೆ.

ಪರದೆಯ ಮೇಲೆ ಒಲೆ, ಬಾಣಲೆ, ಅವಳ ಬಳೆ. ಇಡೀ ದೃಶ್ಯ ಅತ್ತಿತ್ತ ವಾಲುತ್ತಿದೆ. ನನ್ನ ದನಿ: “ತಾಳು, ಫೋನು ಸೊಟ್ಟಗಿದೆ. ಒಲೆ ಗೋಡೆಯ ಗೆರೆಗೆ ಸರಿಯಾಗಿ ಬರ್ತಿಲ್ಲ.”

“ರೀ, ಒಗ್ಗರಣೆ ಎಣ್ಣೆ ಕಾದಿದೆ.”

“ಇನ್ನೊಂಚೂರು ಎಡಕ್ಕೆ.”

“ರೀ, ಸೀಯ್ತಿದೆ!”

ಹೊಗೆ ಎದ್ದಿತು. ಒಲೆ ಕಾಣದು, ಅವಳೂ ಕಾಣಳು. ಗೆರೆ ಮಾತ್ರ ನೆಟ್ಟಗೆ ನಿಂತಿತ್ತು.

“ಹಾಂ, ಈಗ ಸರಿಯಾಯ್ತು,” ಎಂದಿತು ನನ್ನ ದನಿ. “ಶುರು ಮಾಡು.”

ಹೊಗೆಯೊಳಗಿಂದ ಕೆಮ್ಮು, ಅದರ ಹಿಂದೆಯೇ ಅವಳ ನಗು.

“ಅಡುಗೆ ಮುಗೀತು ರೀ. ಚಪ್ಪಲಿ ಹಾಕ್ಕೊಳ್ಳಿ, ಹೋಟೆಲ್‌ಗೆ ಹೋಗೋಣ.”