ಪ್ಲಕ್ ಎಂದರೆ ಬರೀ ಕೀಳುವುದಲ್ಲ

ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನಿಗೆ ಹಲ್ಲುನೋವು ಬರಬಾರದು. ಬಂದರೂ ಇತ್ತಲಾರಿನಂಥ ಟೀ ತೋಟದ ಊರಿನಲ್ಲಂತೂ ಬರಲೇಬಾರದು. ನಮ್ಮಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಗೂ ಗೊತ್ತಿರುವ ಇಂಗ್ಲಿಷ್ ಕ್ರಿಯಾಪದವೆಂದರೆ ‘ಪ್ಲಕ್’. ಎಲೆ ಕಿತ್ತರೂ ಪ್ಲಕ್ಕು, ಹೂ ಕಿತ್ತರೂ ಪ್ಲಕ್ಕು. ಆ ಅಭ್ಯಾಸಬಲದಿಂದ, ಊಟಿಯ ಹಲ್ಲಿನ ಡಾಕ್ಟರ ಹತ್ತಿರ ಟೋಕನ್ ಕೊಡುವ ಹುಡುಗಿಗೆ ನಾನು ಬಹಳ ಗಂಭೀರವಾಗಿ, “ಒಂದು ಹಲ್ಲು ಪ್ಲಕ್ ಮಾಡಬೇಕಮ್ಮ” ಎಂದುಬಿಟ್ಟೆ. “ಅದೇನು ಟೀ ಎಲೆಯಾ ಸಾರ್?” ಎಂದು ಅವಳು ಕಿಸಕ್ಕನೆ ನಕ್ಕಳು. ನಾನು ಇಂಗ್ಲಿಷ್ ಮೇಷ್ಟ್ರು ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಭಾನುವಾರ ಮಗಳ ನಿಶ್ಚಿತಾರ್ಥ. ದವಡೆ ಊದಿಸಿಕೊಂಡು ಬೀಗರ ಮುಂದೆ ಕೂತರೆ ಏನು ಚೆಂದ? ಅಷ್ಟರೊಳಗೆ ಆ ಹಲ್ಲಿಗೊಂದು ಗತಿ ಕಾಣಿಸಲೇಬೇಕಿತ್ತು. ಒಳಗಿನ ಪುಕಪುಕವನ್ನು ಮರೆಯಲು ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜೆಗೆ ಪಾಠ ಶುರುಮಾಡಿದೆ. “ಪ್ಲಕ್ ಅಂದ್ರೆ ಧೈರ್ಯ ಅಂತಾನೂ ಅರ್ಥ ಕಣೇ. ಕಟುಕರು ಕುರಿಯ ಒಳಗಿಂದ ಕಿತ್ತು ತೆಗೀತಿದ್ದ ಗುಂಡಿಗೆ, ಈಲಿಗೆಲ್ಲ ಪ್ಲಕ್ ಅಂತಿದ್ರು. ಗುಂಡಿಗೆ ಇದ್ದವನಿಗೆ ತಾನೇ ಧೈರ್ಯ? ಹಾಗೆ ಬಂತು.” ಅವಳು ಕೆನ್ನೆಗೆ ಕೈಕೊಟ್ಟು ಕೂತಿದ್ದಳು. ಪಾಠದಲ್ಲಿ ಮುಳುಗಿದ್ದಾಳೆಂದು ನಾನು ಉಬ್ಬಿದೆ. “ಅದೆಲ್ಲ ಇರ್ಲಿ, ನೀವು ಯಾಕೆ ಬಾಗಿಲ ಕಡೆಗೇ ನೋಡ್ತಿದ್ದೀರಿ?” ಎಂದಳು.

ಅಷ್ಟರಲ್ಲಿ ಒಳಗೆ ಯಂತ್ರ ಗರ್ರ್ ಎಂದಿತು. ಯಪ್ಪಾ! “ಒಂದು ಕಾಫಿ ಕುಡಿದು ಬರ್ತೀನಿ” ಎಂದು ಎದ್ದವನು ಬಸ್ ಸ್ಟ್ಯಾಂಡ್ ತಲುಪುವವರೆಗೂ ಹಿಂದೆ ತಿರುಗಿ ನೋಡಲಿಲ್ಲ.

ನಮ್ಮೂರ ಬಸ್ಸಿಗಿಂತ ಮೊದಲು ಗಿರಿಜೆ ಬಂದಳು. ಬಾಯಲ್ಲಿ ಹತ್ತಿ. ನನ್ನ ಟೋಕನ್ನಿನಲ್ಲಿ ತನ್ನ ಹಲ್ಲು ಕೀಳಿಸಿಕೊಂಡಿದ್ದಳು! “ನಿಮ್ಮ ನರಳಾಟದ ಮಧ್ಯೆ ನನ್ನ ನೋವು ಯಾರಿಗೆ ಹೇಳ್ಲಿ?” ಎಂದು ತೊದಲಿದಳು. ನಾನು ಅವಳ ಹಿಂದೆಯೇ ವಾಪಸ್ಸು ಹೋಗಿ ಬಾಯಿ ತೆರೆದೆ. ಡಾಕ್ಟರು ಬಗ್ಗಿ ನೋಡಿ, “ಇದನ್ನ ಕೀಳೋದೇ ಬೇಡ ಸಾರ್. ಹುಳುಕು ತೆಗೆದು ತುಂಬಿಸಿದ್ರೆ ಗಟ್ಟಿಯಾಗಿರುತ್ತೆ” ಎಂದರು.

ಭಾನುವಾರ ನಾನು ಬೀಗರ ಪಕ್ಕ ಕೂತು ಒಬ್ಬಟ್ಟು ಮೆಲ್ಲುತ್ತಿದ್ದೆ. ಗಿರಿಜೆ ಗಂಜಿ ಕುಡಿಯುತ್ತ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. “ಏನೋ ಕೀಳೋದಕ್ಕೆ ಊಟಿಗೆ ಹೋಗಿದ್ರಂತೆ ಇಬ್ಬರೂ?” ಎಂದು ಬೀಗರು ವಿಚಾರಿಸಿದರು. ಹೌದು, ಹೋಗಿದ್ದೆವು. ಅವಳು ಕೀಳಿಸಿದ್ದು ಹಲ್ಲು, ನಾನು ಕಿತ್ತದ್ದು ಕಾಲು.