ಇಲ್ಲಿ ಓಡುತ್ತೆ, ಅಲ್ಲಿ ಓಡಲ್ಲ

ಸಿಡಿ ಅನ್ನೋ ಪದಾರ್ಥ ಬರೆದ ಕಡೆ ಓಡುತ್ತೆ, ಬೇಕಾದ ಕಡೆ ಓಡಲ್ಲ. ಇದು ನನ್ನ ಅನುಭವ, ಯಾರಾದ್ರೂ ಇಲ್ಲ ಅಂದ್ರೆ ಜಗಳಕ್ಕೆ ನಾನು ರೆಡಿ. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಜರಗನಹಳ್ಳಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇತ್ತು. ಕನಕಪುರ ರಸ್ತೆ ಬಸ್ಸಿನ ಹೊಗೆ ನೇರ ಒಳಗೇ ಬರೋದು. ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್, ಸಿಡಿ ರೈಟಿಂಗ್ ಅಂತ ಬೋರ್ಡು. ಮೊದಲ ಮೂರರಿಂದ ಅನ್ನ ಸಿಗ್ತಿತ್ತು, ಕೊನೇದರಿಂದ ಬೈಗುಳ.

ಬೈಗುಳ ಬಿಡಿ, ನಾನೂ ಬಡ್ಡಿ ಸೇರಿಸಿ ವಾಪಸ್ ಕೊಡ್ತಿದ್ದೆ. ಕಷ್ಟ ಇದ್ದದ್ದು ಓನರ್ ಜೊತೆ. ಅವರು ಹಳೇ ಜರಗನಹಳ್ಳಿಯವರು. ಹಿಂದೆ ರಾಗಿ ಬೆಳೀತಿದ್ದ ಜಾಗದಲ್ಲಿ ಮಳಿಗೆ ಕಟ್ಟಿಸಿ, ಮೇಲಿನ ಮನೇಲಿ ತಾವಿದ್ರು. ನನ್ನ ಮಳಿಗೆ ಮೇಲೆ ಒಬ್ಬ ಬೇಕರಿಯವನು ಕಣ್ಣು ಹಾಕಿದ್ದ. ಅಂಗಡಿ ಮುಂದೆ ಯಾರಾದ್ರೂ ದನಿ ಏರಿಸಿದ್ರೆ ಸಾಕು, ಓನರ್ ಬಾಲ್ಕನಿಯಿಂದ ಬಗ್ಗಿ, "ಏನಮ್ಮಾ, ಮತ್ತೆ ಓಡ್ಲಿಲ್ವಂತಾ? ಬೇಕರಿಯವನ ಬನ್ನು ಎಲ್ಲಾರ ಮನೇಲೂ ಓಡ್ತದೆ ಕಣಮ್ಮ" ಅನ್ನೋರು. ಆ ಅಂಗಡಿ ಕೈಬಿಟ್ರೆ ನನಗೆ ಬೇರೆ ಗತಿ ಇರ್ಲಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಸಿಪಿಯು ಸಮೇತ ಸಾಕ್ಷಿ

ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಗದಗದ ಕಡೆ ಹುಡುಗ ಒಬ್ಬ ಸಿಡಿ ತಂದ. ಯಾವುದೋ ಕಂಪನಿಗೆ ಇಂಟರ್ವ್ಯೂಗೆ ಹೋಗಬೇಕು, ತಾನು ಮಾಡಿದ ಡ್ರಾಯಿಂಗ್‌ಗಳು ಇದರಲ್ಲಿವೆ, ಪ್ರಿಂಟ್ ಬೇಕು ಅಂದ. ಹಾಕಿ ನೋಡಿದ್ರೆ ಒಂದೂ ತೆರೆಯಲ್ಲ.

"ಮೇಡಂ, ನಮ್ಮ ರೂಮಿನಾಗ ಛಲೋ ಓಪನ್ ಆಗ್ತಾವ್ರೀ. ನಿಮ್ಮ ಮಷೀನೇ ಕೆಟ್ಟೈತಿ."

ನನ್ನ ಮಷೀನ್ ಬಗ್ಗೆ ಯಾರಾದ್ರೂ ಹೀಗಂದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಕಣ್ಣಗಲಿಸಿ ನೋಡಿದೆ. ಒಂದೊಂದು ಚಿತ್ರದ ಮೂಲೇಲೂ ಪುಟ್ಟ ಬಾಣದ ಗುರುತು. "ಅಯ್ಯೋ ಪುಣ್ಯಾತ್ಮ, ನೀನು ತಂದಿರೋದು ಫೈಲ್ ಅಲ್ಲ, ಶಾರ್ಟ್‌ಕಟ್. ಮನೆ ತಗೊಂಡು ಬಾ ಅಂದ್ರೆ ಮನೆಗೆ ಹೋಗೋ ದಾರಿ ಬೋರ್ಡ್ ಕಿತ್ಕೊಂಡು ಬಂದಿದ್ದೀಯ" ಅಂದೆ.

"ಬರೀ ಮಾತು ಬ್ಯಾಡ್ರೀ. ನಿಮಗ ತೋರಸ್ತೀನಿ, ತಡೀರಿ" ಅಂತ ಹೋದವನು ಮಧ್ಯಾಹ್ನ ಆಟೋದಲ್ಲಿ ಬಂದಿಳಿದ. ರೂಮ್‌ಮೇಟ್‌ನ ಸಿಪಿಯು ಬೆಡ್‌ಶೀಟಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆ ಮೇಲೆ ಇಟ್ಕೊಂಡಿದ್ದ. ನನ್ನ ಮಾನಿಟರಿಗೇ ಸಿಕ್ಕಿಸಿ, ಅದೇ ಸಿಡಿ ಹಾಕಿ ಕ್ಲಿಕ್ ಮಾಡಿದ. ಎಲ್ಲಾ ಡ್ರಾಯಿಂಗೂ ಪಟಪಟ ತೆರೆದವು! ಜೆರಾಕ್ಸಿಗೆ ನಿಂತಿದ್ದ ಜನ ಅವನ ಪಾರ್ಟಿ ಆಗ್ಬಿಟ್ರು. "ಆಗ್ತಿದೆಯಲ್ಲಾ ಮೇಡಂ, ಪಾಪ ಹುಡುಗನ್ನ ಯಾಕೆ ಅಲೆಸ್ತೀರಿ?" ಅಂತ ಒಬ್ಬರು ನನಗೇ ಬುದ್ಧಿ ಹೇಳಿದ್ರು. ಮೇಲಿಂದ ಓನರ್ ಬಗ್ಗೋ ಸದ್ದೂ ಕೇಳಿಸ್ತು.

ನಾನು ಆ ಸಿಪಿಯು ಒಳಗಿದ್ದ ಅಸಲಿ ಫೈಲುಗಳನ್ನ ಹುಡುಕಿ ಬೇರೆ ಕಡೆ ಸರಿಸಿದೆ. "ಈಗ ಒತ್ತು" ಅಂದೆ. ಒತ್ತಿದ. ಸಿಡಿ ಬಾಯಿ ಮುಚ್ಕೊಂಡು ಕೂತಿತ್ತು. ಹುಡುಗನಿಗೆ ಅರ್ಥ ಆಯ್ತು. ಬೆಡ್‌ಶೀಟ್ ಕೈಗೆತ್ತಿಕೊಂಡು, "ಹಂಗಾದ್ರ ನಾಳೆ ಇಂಟರ್ವ್ಯೂಕ್ಕ ಈ ಸಿಪಿಯು ಹೊತ್ಕೊಂಡು ಹೋಗ್ಬೇಕೇನ್ರೀ?" ಅಂದ.

ಬಾಗಿಲಲ್ಲಿ ನಿಂತು ನೋಡ್ತಿದ್ದ ಆಟೋದವನು ತಕ್ಷಣ, "ಇಂಟರ್ವ್ಯೂ ಎಲ್ಲಿ ಗುರು? ರಿಟರ್ನಿಗೂ ನಾನೇ ಬರ್ತೀನಿ" ಅಂದ.

ರೌಂಡಾಗಿದೆ, ತೂತಿದೆ

ಜಯನಗರದ ಒಬ್ಬ ರಿಟೈರ್ಡ್ ಅಧಿಕಾರಿ ಪ್ರವಾಸದ ಫೋಟೋಗಳನ್ನೆಲ್ಲ ನನ್ನ ಹತ್ರ ಒಂದು ಡಿವಿಡಿಗೆ ಹಾಕಿಸಿಕೊಂಡು ಹೋದ್ರು. ಮರುದಿನ ಬಂದು ಡಿಸ್ಕನ್ನ ಟೇಬಲ್ ಮೇಲೆ ಇಟ್ಟು, "ನಮ್ಮ ಕಂಪ್ಯೂಟರ್ ಇದನ್ನ ಗುರುತೇ ಹಿಡೀತಿಲ್ಲ" ಅಂದ್ರು.

"ಸಾರ್, ನಿಮ್ಮದು ಹಳೇ ಸಿಡಿ ಡ್ರೈವ್. ಇದು ಡಿವಿಡಿ. ಸಿಡಿ ಡ್ರೈವ್ ಡಿವಿಡೀನ ಓದಲ್ಲ. ನಾನು ಕೇಳಿದಾಗ ಎರಡೂ ಓಡುತ್ತೆ ಅಂದಿದ್ರಿ."

"ಯಾಕೆ ಓದಲ್ಲ? ಅಳತೆ ಒಂದೇ. ರೌಂಡಾಗಿದೆ. ಮಧ್ಯೆ ತೂತಿದೆ. ಇನ್ನೇನು ಬೇಕಮ್ಮ ಅದಕ್ಕೆ?"

ನನಗೆ ರೇಗಿ ಹೋಯ್ತು. ಬೆಳಗ್ಗೆಯಿಂದ ಕರೆಂಟ್ ಬೇರೆ ಹೋಗಿ ಹೋಗಿ ಬರ್ತಿತ್ತು. "ಉದ್ದಿನ ವಡೇನೂ ರೌಂಡಾಗಿದೆ ಸಾರ್, ಅದಕ್ಕೂ ತೂತಿದೆ" ಅಂದುಬಿಟ್ಟೆ. ಈಗ ಇವರು ಕಿರುಚ್ತಾರೆ, ಓನರ್ ಬಾಲ್ಕನಿಗೆ ಬರ್ತಾರೆ ಅಂತ ಮೇಲೆ ನೋಡ್ತಿದ್ದೆ.

ಅವರು ಕಿರುಚಲಿಲ್ಲ. ಕನ್ನಡಕ ತೆಗೆದು ಒರೆಸಿ, ಗಂಭೀರವಾಗಿ ಯೋಚನೆ ಮಾಡಿ, "ಇಲ್ಲಮ್ಮ, ವಡೆ ದಪ್ಪ ಆಗುತ್ತೆ. ಟ್ರೇಗೆ ಹಿಡಿಸಲ್ಲ" ಅಂದ್ರು.

ಮಡಿ ಸಿಡಿ

ಯಡಿಯೂರಿನ ಭಜನಾ ಮಂಡಳಿಯ ಆಂಟಿ ಒಬ್ಬರಿಗೆ ಅವರ ಮಂಡಳಿ ಹಾಡಿದ್ದನ್ನೆಲ್ಲ ಸಿಡಿ ಮಾಡಿಕೊಟ್ಟಿದ್ದೆ. ಮಗನ ಕಂಪ್ಯೂಟರಿನಲ್ಲಿ ಕೆಲವು ದಿನ ಚೆನ್ನಾಗಿ ಹಾಡ್ತಂತೆ. ಆಮೇಲೆ ಗಂಟಲು ಕಟ್ಟಿತು. ಅರಿಶಿನ ಬಣ್ಣದ ಕವರಿನಲ್ಲಿ ಸುತ್ತಿ ತಂದ್ರು. ತೆಗೆದು ನೋಡ್ತೀನಿ, ಹೊಳೆಯೋ ಕಡೆ ಪೂರ್ತಿ ಗೀರು ಗೀರು, ಮಂಜು ಮಂಜು.

"ಏನ್ ಮಾಡಿದ್ರಿ ಆಂಟಿ ಇದಕ್ಕೆ?"

"ಏನೂ ಮಾಡಿಲ್ಲಮ್ಮ."

"ಏನೂ ಮಾಡದೆ ಈ ಗತಿ ಬರಲ್ಲ."

"ಬೆರಳ ಗುರುತು ಕೂತಿತ್ತು ಕಣೆ. ಹಬ್ಬಕ್ಕೆ ಬೆಳ್ಳಿ ದೀಪ ಎಲ್ಲಾ ಉಜ್ತಾ ಕೂತಿದ್ನಲ್ಲ, ಹೇಗೂ ಕೈ ಒದ್ದೆಯಾಗಿದೆ ಅಂತ ಇದನ್ನೂ ಒಂದು ಕೈ ನೋಡಿದೆ. ವಿಭೂತಿ ಹಾಕಿ."

"ವಿಭೂತೀಲಿ ಉಜ್ಜಿದ್ರಾ?"

"ಮೊದಲು ಹುಣಸೆಹಣ್ಣು. ಆಮೇಲೆ ವಿಭೂತಿ" ಅಂತ ನನ್ನ ತಿದ್ದಿದ್ರು.

ನಾನು ಹಾಕಿದ ಕೂಗಿಗೆ ಓನರ್ ಬಗ್ಗಿದ್ರು. "ಈಗ ಕಿರುಚಿದ್ದು ಯಾರಮ್ಮಾ?" "ನಾನೇ ಸಾರ್!" "ನೀವು ಕಿರುಚಿದ್ರೂ ಗಲಾಟೆ ಲೆಕ್ಕಕ್ಕೆ ಬರ್ತದೆ ಕಣಮ್ಮ" ಅಂತ ಒಳಗೆ ಹೋದ್ರು.

ಪುಣ್ಯಕ್ಕೆ ಹಾಡುಗಳು ನನ್ನ ಮಷೀನಿನಲ್ಲೇ ಇದ್ವು. ಇನ್ನೊಂದು ಬರೆದುಕೊಟ್ಟು, ನೀರು ಸೋಕಿಸಬೇಡಿ, ಉಜ್ಜಬೇಡಿ, ಹೊಳೆಯೋ ಕಡೆ ಯಾರೂ ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಕಳಿಸಿದೆ. ಆಂಟಿ ತಲೆ ಆಡಿಸ್ಕೊಂಡು ಭಕ್ತಿಯಿಂದ ಕೇಳಿದ್ರು.

ಸ್ವಲ್ಪ ದಿನ ಬಿಟ್ಟು ಸಂತೆ ಬೀದೀಲಿ ಸಿಕ್ಕಾಗ, "ಸಿಡಿ ಈಗ ಸರಿಯಾಗಿ ಓಡ್ತಿದೆಯಾ ಆಂಟಿ?" ಅಂದೆ.

"ಎಲ್ಲಿ ಓಡಿಸಲಿ? ಯಾರೂ ಮುಟ್ಟಬಾರದು ಅಂದ್ಯಲ್ಲ, ಮಡೀಲಿ ಇಟ್ಟಿದ್ದೀನಿ. ಮಗನ ಕಂಪ್ಯೂಟರು ಮೈಲಿಗೆ."

ಓಡದ ನಿಶ್ಚಿತಾರ್ಥ

ಇದೆಲ್ಲ ಹೊರಗಿನವರ ಕಥೆ. ಕೊನೆಗೆ ಓನರ್ ಮನೆ ಸಿಡೀನೇ ನನ್ನ ಕೈಗೆ ಬಂತು.

ಓನರ್ ಮಗಳಿಗೆ ವಸಂತಪುರದ ಹುಡುಗನ ಜೊತೆ ನಿಶ್ಚಿತಾರ್ಥ ಆಯ್ತು. ಹುಡುಗಿ ಆಗಾಗ ಕೆಳಗಿಳಿದು ನನ್ನ ಹತ್ರ ಟೈಪಿಂಗ್ ಕಲೀತಿದ್ಲು, ಬಂಗಾರದಂಥ ಹುಡುಗಿ. ಅವಳಿಗೆ ಆ ಹುಡುಗ ಎಷ್ಟು ಇಷ್ಟ ಅಂದ್ರೆ, ಟೈಪಿಂಗ್ ಪ್ರಾಕ್ಟೀಸಿಗೆ ಅವನ ಹೆಸರೇ ಹೊಡೀತಿದ್ಲು. ಹುಡುಗನ ಅಜ್ಜಿ ಕಾಲು ಮುರ್ಕೊಂಡಿದ್ರು, ನಿಶ್ಚಿತಾರ್ಥಕ್ಕೆ ಬರೋಕೆ ಆಗಿರ್ಲಿಲ್ಲ. ಮೊಮ್ಮಗನ ಕಂಪ್ಯೂಟರಿನಲ್ಲಿ ಅಜ್ಜಿ ನೋಡ್ಲಿ ಅಂತ ಓನರ್ ನಿಶ್ಚಿತಾರ್ಥದ ವಿಡಿಯೋನ ನನ್ನ ಕೈಲಿ ಸಿಡಿ ಮಾಡಿಸಿ ಕಳಿಸಿದ್ರು.

ಓಡ್ಲಿಲ್ಲ. ಇನ್ನೊಂದು ಮಾಡಿಕೊಟ್ಟೆ. ಅದೂ ಓಡ್ಲಿಲ್ಲ. ಅಜ್ಜಿ ಅಂದ ಮಾತು ಓನರ್ ಮನೆಗೆ ಬಂದು ಮುಟ್ತು: "ನಿಶ್ಚಿತಾರ್ಥವೇ ಓಡ್ತಿಲ್ಲ, ಸಂಸಾರ ಓಡ್ತದಾ?"

ಆ ಮನೇಲಿ ಅಜ್ಜಿ ಮಾತೇ ಕೊನೆ ಮಾತು. ಹುಡುಗನ ದೊಡ್ಡಪ್ಪ ಒಬ್ಬರು ಆಗಲೇ ಅಪಶಕುನ ಅಂತ ಶುರು ಹಚ್ಕೊಂಡಿದ್ರು. ಮೇಲಿಂದ ಹುಡುಗಿ ಅಳೋದು ನನ್ನ ಅಂಗಡಿಗೇ ಕೇಳಿಸೋದು. ಮೂರನೇ ಸಿಡಿಗೆ ಅಂಗಡೀಲಿದ್ದ ಒಳ್ಳೇ ಡಿಸ್ಕ್ ಹಾಕಿ, ನಿಧಾನದ ಸ್ಪೀಡಿನಲ್ಲಿ ಬರೆದು, ಪಕ್ಕದ ಮೆಡಿಕಲ್ ಸ್ಟೋರಿನ ಕಂಪ್ಯೂಟರಿನಲ್ಲೂ ಓಡಿಸಿ ನೋಡಿ ಕೊಟ್ಟೆ. ಅಲ್ಲೆಲ್ಲ ಹುಡುಗ ಹುಡುಗಿ ನಗ್ತಾ ಉಂಗುರ ಹಾಕ್ಕೊಂಡ್ರು. ವಸಂತಪುರಕ್ಕೆ ಹೋದ್ರೆ ಮಾತ್ರ ಕತ್ತಲೆ.

ಓನರ್ ಬಾಲ್ಕನಿಯಿಂದ ಬಗ್ಗಲಿಲ್ಲ, ಕೆಳಗೇ ಇಳಿದು ಬಂದ್ರು. "ಇನ್ನೊಂದೇ ಸಲ ನೋಡ್ತೀನಿ ಕಣಮ್ಮ. ನನ್ನ ಮಗಳ ಮದುವೆ ನಿಮ್ಮ ಸಿಡಿಯಿಂದ ನಿಂತ್ರೆ, ಈ ಬಾಗಿಲಿಗೆ ಬೇಕರಿ ಬೋರ್ಡು ಬೀಳ್ತದೆ. ಆಮೇಲೆ ಬೇಜಾರ್ ಮಾಡ್ಕೋಬೇಡಿ."

"ಈ ಸಲ ನಾನೇ ಬರ್ತೀನಿ ಸಾರ್. ನಾನೇ ಹಾಕ್ತೀನಿ. ಅಲ್ಲೀವರೆಗೂ ಯಾರ ಕೈಗೂ ಕೊಡಲ್ಲ" ಅಂದೆ.

ಹೊಸದೊಂದು ಬರೆದು, ಹತ್ತಿ ಬಟ್ಟೇಲಿ ಒರೆಸಿ, ಡಬ್ಬಿಗೆ ಹಾಕಿ ಬ್ಯಾಗಿನಲ್ಲಿಟ್ಟೆ. ಹೊರಡೋ ಹೊತ್ತಿಗೆ ಓನರ್ ಹೆಂಡತಿ, "ಸಿಡಿ ಒಂದು ನಿಮಿಷ ಕೊಡಮ್ಮ, ಒಳಗೆ ಹೋಗಿ ಬಂದ್ಬಿಡ್ತೀನಿ" ಅಂತ ಕೈ ಚಾಚಿದ್ರು. "ಆಗಲ್ಲ" ಅಂದೆ. ಕಾರಿನಲ್ಲಿ ವಸಂತಪುರದವರೆಗೂ ಆಯಮ್ಮ ಮುಖ ಊದಿಸ್ಕೊಂಡೇ ಕೂತಿದ್ರು.

ಅಲ್ಲಿ ಹಾಲಿನಲ್ಲಿ ಪೂರಾ ಕುಟುಂಬ ಸೇರಿತ್ತು. ಅಜ್ಜಿ ಪ್ಲಾಸ್ಟರ್ ಕಾಲನ್ನ ಸ್ಟೂಲಿನ ಮೇಲೆ ಚಾಚಿ, ಕಂಪ್ಯೂಟರ್ ಎದುರಿಗೇ ಕೂತಿದ್ರು. "ಎಲ್ಲಿ, ತೋರ್ಸು ಮೊದಲು" ಅಂದ್ರು. ಸಿಡಿ ಎರಡೂ ಕಡೆ ತಿರುಗಿಸಿ ತೋರಿಸಿದೆ. ಕನ್ನಡಿ ಹಾಗಿತ್ತು. ಟ್ರೇಗೆ ಇಟ್ಟು ಒಳಗೆ ತಳ್ಳಿದೆ. ಗರ್ರ್ ಅಂತು. ಮತ್ತೆ ಗರ್ರ್ ಅಂತು. ಆಮೇಲೆ ಸುಮ್ಮನಾಯ್ತು. ಪರದೆ ಮೇಲೆ ಏನೂ ಇಲ್ಲ.

ನನಗೆ ಅಳು ಬಂದೇಬಿಡ್ತು. ಓನರ್ ಗೋಡೆ ನೋಡ್ತಿದ್ರು. ದೊಡ್ಡಪ್ಪ "ನಾನ್ ಹೇಳ್ಲಿಲ್ವಾ?" ಅಂತ ಗಂಟಲು ಸರಿ ಮಾಡ್ಕೊಂಡ್ರು. ಟ್ರೇ ಬಟನ್ ಒತ್ತಿದೆ. ಟ್ರೇ ನಿಧಾನಕ್ಕೆ ಹೊರಗೆ ಬಂತು.

ನೋಡ್ತೀನಿ, ನನ್ನ ಶುದ್ಧ ಸಿಡಿ ಮೇಲೆಲ್ಲ ಕುಂಕುಮ! ಅಂಚಿನಲ್ಲಿ ಒಂದಿಷ್ಟು ಅರಿಶಿನವೂ. ಟ್ರೇ ತುಂಬ ಕೆಂಪು ಪುಡಿ.

ನಾನು ತಿರುಗಿ ಓನರ್ ಹೆಂಡತಿ ಮುಖ ನೋಡಿದೆ. ಅವರು ಬಗ್ಗಿ ನನ್ನ ಕಿವೀಲಿ, "ಬೀಗರ ಮನೆಗೆ ಹೋಗೋ ವಸ್ತು ಅಲ್ವೇನಮ್ಮ, ಅರಿಶಿನ ಕುಂಕುಮ ಇಡದೆ ಹೆಂಗೆ ಕಳ್ಸೋದು? ಮೊದಲಿನ ಮೂರಕ್ಕೂ ದೇವರ ಮುಂದೆ ಇಟ್ಟು ಹಚ್ಚಿದ್ದೆ. ಇದಕ್ಕೇ ನೀವು ಬಿಡ್ಲಿಲ್ಲ" ಅಂದ್ರು.

"ಯಾವ ಕಡೆ ಹಚ್ಚಿದ್ರಿ?"

"ಕನ್ನಡಿ ಹಾಗೆ ಮುಖ ಕಾಣೋ ಕಡೆ. ಅದೇ ಅಲ್ವಾ ಮುಂದುಗಡೆ? ನಾಲ್ಕೂ ದಿಕ್ಕಿಗೆ ಧಾರಾಳವಾಗಿ ಇಟ್ಟಿದ್ದೆ."

ಮೂರು ಸಿಡಿಯ ಕುಂಕುಮವೂ ಗಿರಗಿರ ಸುತ್ತಿ ಹಾರಿ ಆ ಡ್ರೈವಿನ ಹೊಟ್ಟೇಲಿ ಸೇರಿತ್ತು! ಈಗ ಅದು ನನ್ನ ಸಿಡಿಗೂ ಮೆತ್ಕೊಂಡು ಬಂದಿತ್ತು. ನಾನು ಬಾಯಿ ತೆರೆದೆ. ಇಷ್ಟು ದಿನದ ಸಿಟ್ಟೆಲ್ಲ ನಾಲಿಗೆ ತುದೀಲಿತ್ತು.

ಅಷ್ಟರಲ್ಲಿ ಅಜ್ಜಿ ಕೈ ಮುಗಿದುಬಿಟ್ರು. "ಈಯಮ್ಮ ಬರೀ ತಟ್ಟೆ ಒಳಗೆ ಕಳ್ಸಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಕುಂಕುಮ ಎಲ್ಲಿಂದ ಬಂತು? ಅಮ್ಮನೋರೇ ಬಂದವ್ರೆ ಕಣ್ರೋ!"

ಅಪಶಕುನದ ದೊಡ್ಡಪ್ಪ ಮೆಲ್ಲಗೆ ಚಪ್ಪಲಿ ಬಿಟ್ರು. ಎಲ್ಲರೂ ನನ್ನ ಮುಖ ನೋಡ್ತಿದ್ರು. ಓನರ್ ಹೆಂಡತಿ ಸೆರಗು ಕಚ್ಚಿಕೊಂಡು ನಿಂತಿದ್ರು. ನನಗೆ ಮೇಲಿನ ಮನೇಲಿ ಅಳ್ತಾ ಕೂತಿರೋ ಹುಡುಗಿ ನೆನಪಾದ್ಲು. ಹುಟ್ಟಿದಾಗಿಂದ ಮುಚ್ಚದ ನನ್ನ ಬಾಯಿ ಅವತ್ತು ತಾನಾಗಿ ಮುಚ್ಚಿಕೊಂಡಿತು.

"ಸಂಸಾರ ಚೆನ್ನಾಗಿ ಓಡ್ತದೆ ಬಿಡಿ" ಅಂತ ಅಜ್ಜಿ ತೀರ್ಪು ಕೊಟ್ರು. ಆರತಿ ತಟ್ಟೆ ಬಂತು, ಸಿಪಿಯುಗೆ ಮಂಗಳಾರತಿ ಆಯ್ತು. ಹುಡುಗ ನನ್ನ ಪಕ್ಕ ಸರಿದು, "ಮೇಡಂ, ಮೊದಲಿನ ಮೂರಕ್ಕೂ ಕುಂಕುಮ ಇತ್ತು, ಪೂಜೆದು ಅಂತ ಒರೆಸದೆ ಹಾಗೇ ಹಾಕಿದ್ದೆ. ಡ್ರೈವ್ ಒಳಗೆ ಕ್ಲೀನ್ ಮಾಡಿಸ್ಬಹುದಾ?" ಅಂತ ಪಿಸುಗುಟ್ಟಿದ. "ತಾಳಿ ಕಟ್ಟೋವರೆಗೂ ಅದನ್ನ ಮುಟ್ಟಿದ್ರೆ ನೋಡಿ ಮತ್ತೆ" ಅಂದೆ.

ಮರುದಿನ ಬೆಳಗ್ಗೆ ಓನರ್ ಅಂಗಡಿಗೆ ಬಂದು, ಸ್ಟೂಲ್ ಎಳ್ಕೊಂಡು ಕೂತ್ರು. "ಬೇಕರಿಯವನಿಗೆ ಬೇರೆ ಕಡೆ ನೋಡ್ಕೋ ಅಂದೆ ಕಣಮ್ಮ. ಅಂಗಡಿ ನಿಮ್ದೇ. ಮದುವೆ ಸಿಡೀನೂ ನೀವೇ ಮಾಡಿಕೊಡ್ಬೇಕು" ಅಂದ್ರು.

ನನಗೆ ಖುಷಿಗೆ ಕಣ್ಣು ತುಂಬಿ ಬಂತು. "ಮಾಡ್ತೀನಿ ಸಾರ್. ಈ ಸಲ ಎಲ್ಲರ ಮನೇಲೂ ಓಡೋ ಹಾಗೆ..."

ಓನರ್ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಓಡೋದು ಹಂಗಿರ್ಲಿ ಬಿಡಮ್ಮ. ಅಜ್ಜಿ ಹೇಳ್ಕಳ್ಸವ್ರೆ, ಕುಂಕುಮ ಬಂದ್ರೆ ಸಾಕಂತೆ" ಅಂದ್ರು.