ಮಳೆಗಾಲದಲ್ಲಿ ಸೋಲದ ತಂಡ

ಮಳೆಗಾಲದಲ್ಲಿ ನಮ್ಮೂರಿನ ಫುಟ್‌ಬಾಲ್ ತಂಡ ಒಂದು ಪಂದ್ಯವನ್ನೂ ಸೋತದ್ದಿಲ್ಲ. ಮಳೆಗಾಲದಲ್ಲಿ ಪಂದ್ಯಗಳೇ ಇರುತ್ತಿರಲಿಲ್ಲ, ಅದು ಬೇರೆ ಮಾತು. ನಮ್ಮ ಮೈದಾನವೆಂದರೆ ಪಟೇಲರ ದೊಡ್ಡ ಗದ್ದೆ. ಕುಯ್ಲು ಮುಗಿದ ಮೇಲೆ ಕೂಳೆ ಕೆತ್ತಿ ಕಂಬ ನೆಟ್ಟರೆ ಮೈದಾನ, ಮಳೆ ಬಿದ್ದು ನೀರು ನಿಂತರೆ ಮತ್ತೆ ಗದ್ದೆ. ಕಾಲಿನ ಆಟ ನಿಂತ ದಿನವೇ ಬಾಯಿಯ ಆಟ ಶುರುವಾಗುತ್ತಿತ್ತು. ಅದಕ್ಕೆ ಮೈದಾನ ನನ್ನ ದರ್ಜಿ ಅಂಗಡಿ. ಹೊಲಿಸುವವರಿಗಿಂತ ಕೂತು ಮಾತಾಡುವವರೇ ಹೆಚ್ಚಿರುವ ಅಂಗಡಿಗೆ ಇಂಥ ಪ್ರಸಂಗಗಳು ದಾರಿ ಕೇಳಿಕೊಂಡು ಬರುತ್ತವೆ.

ಆಗ ಕೊಡಗೇ ಒಂದು ರಾಜ್ಯ. ಅಷ್ಟು ಸಣ್ಣ ರಾಜ್ಯವನ್ನೂ ಫುಟ್‌ಬಾಲಿನವರು ಉತ್ತರ ವಿಭಾಗ, ದಕ್ಷಿಣ ವಿಭಾಗ ಅಂತ ಎರಡು ಮಾಡಿದ್ದರು. ಒಂದೊಂದು ವಿಭಾಗದಲ್ಲಿ ಗೆದ್ದವರು ಕೊನೆಗೆ ಮಡಿಕೇರಿಯಲ್ಲಿ ಕಪ್ಪಿಗಾಗಿ ಆಡಬೇಕು. ಉತ್ತರ ವಿಭಾಗದಲ್ಲಿ ನಮ್ಮ ಸ್ಥಾನ ಬಹಳ ಭದ್ರವಾಗಿತ್ತು. ನಮಗಿಂತ ಕೆಳಗೆ ಯಾರೂ ಇರಲಿಲ್ಲ.

೧. ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಗಾದೆ ಹೇಳುತ್ತಾರಲ್ಲ, ನಮ್ಮೂರಲ್ಲಿ ಆ ಕುಲಾವಿ ಹೊಲಿಯುವವನು ನಾನೇ. ಮಳೆ ಹಿಡಿದ ವಾರದೊಳಗೆ ಸುಬೇದಾರರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೊಡೆ ಮಡಚಿಡುತ್ತಿದ್ದರು. ಪಲ್ಟನ್ ಬಿಟ್ಟು ಬಂದ ಮೇಲೆ ನಡೆಸಲು ಯುದ್ಧವಿಲ್ಲದೆ ಅವರು ನಮ್ಮ ತಂಡವನ್ನು ಹಿಡಿದುಕೊಂಡಿದ್ದರು.

"ಟೈಲರ್, ಈ ಸಲ ವಿಭಾಗ ನಮ್ದು. ಗೆದ್ದವರ ಮೆರವಣಿಗೆಗೆ ಕೆಂಪು ಪಟ್ಟಿ ತಯಾರಿಡಿ."

"ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು ಎರಡೂ ಹಾಗೇ ಇವೆ ಸಾರ್, ಮಡಿಕೆ ಬಿಚ್ಚಿಲ್ಲ."

"ಫಿಕರ್ ಇಲ್ಲ. ನಮಗೆ ಗೋಲಿ ಇದ್ದಾನೆ."

ಗೋಲಿ ಎಂದರೆ ನಮ್ಮ ಗೋಲ್‌ಕೀಪರ್. ಹಾಸನದ ಕಡೆಯಿಂದ ಬಂದು ನೆಲೆಸಿದ ಬೇಸಾಯದ ಮನೆಯ ಎರಡನೇ ಮಗ. ಆಳು ಗಟ್ಟಿ, ಮಾತು ಕಮ್ಮಿ. ಅವನು ಗೋಲಿನಲ್ಲಿ ಹಾರುವುದನ್ನು ನೋಡಲೆಂದೇ ತಿತಿಮತಿಯಿಂದ ಲಾರಿ ಹತ್ತಿ ಬಂದವರಿದ್ದಾರೆ. ಹಾರಿದ ಮೇಲೆ ಚೆಂಡು ಎಲ್ಲಿ ಹೋಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಗೋಲಾದರೆ ಒಮ್ಮೆ ಬಿಸಿಲಿನ ತಪ್ಪು, ಒಮ್ಮೆ ರೆಫರಿಯ ತಪ್ಪು, ಒಮ್ಮೆ ಅಡ್ಡ ಬಂದ ಪಟೇಲರ ನಾಯಿಯ ತಪ್ಪು.

ಅವನು ದೊಡ್ಡ ಆಟಗಾರ ಎನ್ನುವುದಕ್ಕೆ ನನ್ನ ಹತ್ತಿರ ಬೇರೆಯದೇ ಸಾಕ್ಷಿ ಇತ್ತು. ಪ್ರತಿ ಪಂದ್ಯದ ಮಾರನೇ ದಿನ ಅವನ ಜರ್ಸಿ ಎಡ ಮೊಣಕೈಯಲ್ಲಿ ಕಿತ್ತುಹೋಗಿ ನನ್ನ ಮೇಜಿಗೆ ಬರುತ್ತಿತ್ತು. ಬಲತೋಳು ಮಾತ್ರ ಹೊಲಿದ ದಿನದ ಹಾಗೇ ಇರುತ್ತಿತ್ತು. ನಾನು ಪಂದ್ಯಕ್ಕೆ ಮೊದಲೇ ಎಡಗೈಗೆ ತೇಪೆ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ನನ್ನ ಮುಂದಾಲೋಚನೆಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

೨. ಸೇರುವ ಪ್ರಶ್ನೆ

ಆ ವರ್ಷ ಊರಲ್ಲೆಲ್ಲ ಒಂದೇ ಚರ್ಚೆ: ಕೊಡಗು ಮೈಸೂರಿಗೆ ಸೇರಬೇಕೇ, ಬೇಡವೇ. ನನ್ನ ಅಂಗಡಿಯಲ್ಲಿ ಮಾತ್ರ ಅದಕ್ಕಿಂತ ದೊಡ್ಡ ಪ್ರಶ್ನೆ ಎದ್ದಿತು.

ಸುದ್ದಿ ತಂದವರು ಹೋಟೆಲಿನ ಭಟ್ಟರು. ಮಂಗಳೂರು ಕಡೆಯವರು, ಇಡ್ಲಿ ಬೇಯುವಷ್ಟು ಹೊತ್ತೂ ಒಂದು ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರರು. ಒದ್ದೆ ಪಂಚೆಯಲ್ಲೇ ಓಡಿ ಬಂದರು.

"ಮುಗೀತು ಮಾರಾಯ್ರೆ! ಗೋಲಿಗೆ ಹೆಣ್ಣು ಗೊತ್ತಾಗ್ತಾ ಉಂಟಂತೆ."

"ಒಳ್ಳೇದಲ್ವಾ ಭಟ್ರೇ?" ಎಂದೆ. ಅವನಿಗೆ ಮೂವತ್ತು ದಾಟಿತ್ತು. ನೋಡಿದ ಹೆಣ್ಣೆಲ್ಲ ಏನಾದರೊಂದಕ್ಕೆ ತಪ್ಪಿಹೋಗುತ್ತಿತ್ತು.

"ಎಂತ ಒಳ್ಳೇದು? ಹೆಣ್ಣು ಕೆಳಗಿನೂರಿನದ್ದು! ಹೆಣ್ಣಿನ ಅಪ್ಪನಿಗೆ ಗಂಡು ಮಕ್ಕಳಿಲ್ಲ. ಮನೆಅಳಿಯನಾಗಿ ಬರ್ಬೇಕು ಅಂತ ಷರತ್ತು ಹಾಕಿದ್ದಾರೆ."

ಹೊಲಿಗೆಯಂತ್ರದ ಮೇಲೆ ನನ್ನ ಕಾಲು ನಿಂತುಹೋಯಿತು. ಕೆಳಗಿನೂರು ಉತ್ತರ ವಿಭಾಗದಲ್ಲಿ ನಮ್ಮ ಹಳೇ ಎದುರಾಳಿ. ಪ್ರತಿ ವರ್ಷ ನಮ್ಮನ್ನು ಸೋಲಿಸಿ ತಮಟೆ ಬಡಿದುಕೊಂಡು ಹೋಗುವವರು. ಗೋಲಿ ಅಲ್ಲಿಯ ಮನೆಅಳಿಯನಾದರೆ ಅಲ್ಲಿಯ ಗೋಲಿನಲ್ಲೇ ನಿಲ್ಲುತ್ತಾನೆ.

ಬೆಂಚಿನ ಮೇಲಿದ್ದ ಸುಬೇದಾರರು ಎದ್ದು ನಿಂತರು. "ಕೊಡಗು ಬೇಕಾದ್ರೆ ಮೈಸೂರಿಗೆ ಸೇರ್ಲಿ. ಗೋಲಿ ಕೆಳಗಿನೂರಿಗೆ ಸೇರೋಕ್ಕೆ ನಾನು ಬಿಡೋದಿಲ್ಲ."

ಸಂಜೆ ಗೋಲಿಯೇ ಬಂದ. ಯಾರೂ ಇಲ್ಲದ್ದು ನೋಡಿ ಬೆಂಚಿನ ತುದಿಯಲ್ಲಿ ಕೂತು, ಬಹಳ ಹೊತ್ತು ಗುಂಡಿ ಡಬ್ಬಿಯನ್ನು ಕಲಕುತ್ತಿದ್ದ. ಆಮೇಲೆ ಹೇಳಿದ: "ಟೈಲರಣ್ಣ, ಆ ಹುಡುಗೀನ ಸಂತೇಲಿ ನೋಡಿವ್ನಿ. ಇದೂ ತಪ್ಪೋದ್ರೆ ನಂಗೆ ಮದ್ವೆನೇ ಬ್ಯಾಡ ಕಣಣ್ಣ. ಆದ್ರೆ ನಮ್ಮೂರ ಗೋಲು ಬಿಟ್ಟು ಆ ಕಡೆ ಗೋಲಲ್ಲಿ ನಿಲ್ಲೋದು ಹ್ಯಾಗೆ? ನಿದ್ದೆನೇ ಬರಾಕಿಲ್ಲ."

ಅತ್ತ ದರಿ, ಇತ್ತ ಪುಲಿ ಅಂದರೆ ಇದೇ. ನನ್ನ ಸಂಕಟ ಅವನಿಗಾಗಿ ಎಷ್ಟು, ವಿಭಾಗಕ್ಕಾಗಿ ಎಷ್ಟು ಎಂದು ಅಳೆಯಲು ನನ್ನ ಟೇಪು ಸಾಲದು.

೩. ನಾಟಿ ಓಟ

ಆಷಾಢದಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲ. ಆದರೆ ಹುಡುಗಿಯ ಅಪ್ಪ ಪಟೇಲರ ಗದ್ದೆಯ ನಾಟಿಗೆ ನೆಂಟರ ನೆಪ ಹೇಳಿ ಬಂದೇಬಿಟ್ಟರು. ಬಂದದ್ದು ಹುಡುಗನನ್ನು ಕದ್ದು ನೋಡುವುದಕ್ಕೆ ಎಂದು ಇಡೀ ಊರಿಗೆ ಗೊತ್ತು.

ನಮ್ಮಲ್ಲಿ ದೊಡ್ಡ ಗದ್ದೆಯ ನಾಟಿ ಮುಗಿಸುವ ಮೊದಲು ನಡುವೆ ಒಂದಿಷ್ಟು ಜಾಗ ಬಿಟ್ಟು, ಆ ಕೆಸರಿನಲ್ಲಿ ಗಂಡಸರ ಓಟ ಇಡುತ್ತಾರೆ. ಗೆದ್ದವನಿಗೆ ಬಾಳೆಗೊನೆ. ಗೋಲಿ ಪ್ರತಿ ವರ್ಷ ಗೆಲ್ಲುತ್ತಿದ್ದ.

ಸುಬೇದಾರರು ನನ್ನನ್ನು ಬದಿಗೆ ಕರೆದರು. "ಈ ವರ್ಷ ಅವನು ಗೆಲ್ಲಬಾರದು. ಗೆದ್ದರೆ ಮಾವ ಎತ್ತಿನ ಹಾಗೆ ಹಗ್ಗ ಹಾಕಿ ಹೊಡ್ಕೊಂಡು ಹೋಗ್ತಾನೆ. ಸೋತರೆ, ಇವನು ಗದ್ದೆ ಕೆಲಸಕ್ಕೆ ಆಗೋದಿಲ್ಲ ಅಂತ ಮನೆಅಳಿಯನ ಮಾತು ಬಿಡ್ತಾನೆ."

ಓಟ ಶುರುವಾಯಿತು. ಗೋಲಿ ಎಲ್ಲರಿಗಿಂತ ಮುಂದೆ. ಎದುರು ಬದುವಿನ ಮೇಲೆ ಮಾವನವರು ಕೊಡೆ ಹಿಡಿದು ನಿಂತಿದ್ದಾರೆ. ಆಗ ಭಟ್ಟರು ಸುಬೇದಾರರ ಆಜ್ಞೆಯಂತೆ ಗಂಟಲು ಹರಿಯುವ ಹಾಗೆ ಕೂಗಿದರು: "ಗೋಲಿ, ಚೆಂಡು!"

ಪಾಪ, ಅಭ್ಯಾಸಬಲ. ಹುಡುಗ ಹಿಂದೆ ಮುಂದೆ ನೋಡದೆ ಗಾಳಿಯಲ್ಲಿ ಹಾರಿ ಎಡಕ್ಕೆ ಉದ್ದಕ್ಕೆ ಮಲಗಿದ. ಕೆಸರು ಬದುವಿನವರೆಗೂ ಚಿಮ್ಮಿತು. ಎದ್ದಾಗ ಕಣ್ಣು ಎರಡೇ ಕಾಣುತ್ತಿದ್ದವು. ಬಾಳೆಗೊನೆ ಬೇರೆಯವನ ಪಾಲಾಯಿತು. ನಾವು ಒಬ್ಬರನ್ನೊಬ್ಬರು ನೋಡಿ ಮೀಸೆಯಲ್ಲೇ ನಕ್ಕೆವು.

ಮಾವನವರು ಪಂಚೆಗೆ ಸಿಡಿದ ಕೆಸರು ಒರೆಸಿಕೊಳ್ಳುತ್ತ ಪಟೇಲರಿಗೆ ಹೇಳಿದರು: "ಓಡೋರು ಬೇಕಾದಷ್ಟು ಜನ ಸಿಗ್ತಾರೆ. ಮಣ್ಣಿಗೆ ಇಷ್ಟು ಪ್ರೀತಿಯಿಂದ ಬೀಳೋನು ಎಲ್ಲಿ ಸಿಕ್ತಾನೆ? ನನ್ನ ಗದ್ದೆಗೆ ಇವನೇ ಸೈ."

೪. ಉರುಳಿದ ಕಿತ್ತಳೆ

ಶ್ರಾವಣದಲ್ಲಿ ಕೆಳಗಿನೂರಿಗೆ ಹೆಣ್ಣು ನೋಡಲು ಹೊರಟೆವು. ಗೋಲಿ, ಅವನ ತಾಯಿ, ಅಣ್ಣ, ಜೊತೆಗೆ ಊರ ಹಿರಿಯರೆಂದು ಸುಬೇದಾರರು, ಭಟ್ಟರು, ನಾನು. ದಾರಿಯುದ್ದಕ್ಕೂ ಸುಬೇದಾರರ ಪಾಠ: ಹುಡುಗನ ಬಗ್ಗೆ ಒಂದೆರಡು ಸಣ್ಣ ದೋಷ ಹೇಳಬೇಕು. ಮನೆಅಳಿಯ ಬೇಡ ಅನ್ನಿಸುವಷ್ಟು ಹೇಳಬೇಕು, ಅಳಿಯನೇ ಬೇಡ ಅನ್ನಿಸುವಷ್ಟು ಹೇಳಬಾರದು. ನನಗೋ ಬಹಳ ಹೆದರಿಕೆ. ಬಟ್ಟೆ ಒಂದು ಬೆರಳು ಬಿಗಿಯಾದರೆ ಬಿಚ್ಚಿ ಹೊಲಿಯಬಹುದು. ಈ ಅಳತೆ ತಪ್ಪಿದರೆ ಹುಡುಗನ ಬಾಳೇ ಹೋಯಿತು.

ಮಾವನವರು ಕೂರಿಸಿ ಉಪಚಾರ ಮಾಡಿದರು. ಭಟ್ಟರೇ ಬಾಯಿ ತೆರೆದರು. "ಹುಡುಗ ಒಳ್ಳೆಯವ. ಆದ್ರೆ ಊಟ ಸ್ವಲ್ಪ ಜಾಸ್ತಿ ಮಾರಾಯ್ರೆ."

"ನಮ್ಮನೇಲಿ ಭತ್ತ ಇಡೋಕ್ಕೆ ಜಾಗ ಇಲ್ಲ. ತಿನ್ನಲಿ ಬಿಡಿ."

ಸುಬೇದಾರರು ಕೆಮ್ಮಿದರು. "ಬೆಳಿಗ್ಗೆ ಬೇಗ ಏಳೋದಿಲ್ಲ."

"ನಾನು ಏಳಿಸ್ತೀನಲ್ಲ. ನನಗೆ ನಿದ್ದೆನೇ ಬರಲ್ಲ."

ಗೋಲಿ ನಮ್ಮತ್ತ ನೋಡಿದ. ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಅಷ್ಟರಲ್ಲಿ ಹುಡುಗಿ ಕಿತ್ತಳೆ ತಟ್ಟೆ ಹಿಡಿದು ಬಂದಳು. ಮಳೆಗಾಲದ ಹುಳಿ ಕಿತ್ತಳೆ. ಬಗ್ಗಿ ಇಡುವಾಗ ಒಂದು ಹಣ್ಣು ಜಾರಿ ಗೋಲಿಯ ಬಲಗಡೆಗೆ ಉರುಳಿತು. ಗೋಲಿ ಮಿಂಚಿನ ಹಾಗೆ ಕೈ ಚಾಚಿದ, ಎಡಕ್ಕೆ. ಎಡಗಡೆ ಇದ್ದ ಕಾಫಿ ಲೋಟ ಮಾವನವರ ಹೊಸ ಜಮಖಾನದ ಮೇಲೆ ಮಗುಚಿತು. ಹಣ್ಣು ನಿಧಾನವಾಗಿ ಉರುಳಿಕೊಂಡು ಹೊಸಿಲು ದಾಟಿ ಅಂಗಳಕ್ಕೆ ಹೋಯಿತು. ಹುಡುಗಿ ಅದನ್ನೂ ನೋಡಿದಳು, ಇವನನ್ನೂ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

"ದೀಪಾವಳಿಗೆ ಮೊದಲು ತಿಳಿಸ್ತೀನಿ" ಎಂದು ಮಾವನವರು ಜಮಖಾನ ನೋಡುತ್ತ ಹೇಳಿದರು. ತಿರುಗಿ ಊರ ಹತ್ತಿರ ಬಂದ ಮೇಲೆ ಗೋಲಿ ಕೇಳಿದ: "ನೀವು ಮೂವರು ಬಂದಿದ್ದು ನನ್ನ ಕಡೆಯಿಂದಾನಾ, ಇಲ್ಲಾ ಬ್ಯಾರೆ ಗಂಡಿನ ಕಡೆಯಿಂದಾನಾ?"

೫. ಮಾವನವರ ಸವಾರಿ

ಆಮೇಲೆ ಗೋಲಿ ಅಂಗಡಿಗೆ ಬರುವುದನ್ನು ಬಿಟ್ಟ. ಅವನ ತಾಯಿ ನನ್ನ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಹುಡುಗಿ ಹೋದರೆ ಪಾಪ ನಮ್ಮ ತಲೆಗೆ, ಹುಡುಗ ಹೋದರೆ ವಿಭಾಗ ಕೈಬಿಟ್ಟ ಹಾಗೆ. ಭಟ್ಟರ ಸಾಂಬಾರಿಗೆ ಎರಡು ದಿನ ಉಪ್ಪೇ ಇರಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಬಸ್ಸಿನಿಂದ ಮಾವನವರೇ ಇಳಿದು ನೇರ ನನ್ನ ಅಂಗಡಿಗೆ ಬಂದರು. ಭಟ್ಟರ ಜೊತೆ ಬೆಂಚಿನಲ್ಲಿ ಕೂತಿದ್ದ ಸುಬೇದಾರರು ಅಟೆನ್ಷನ್‌ನಲ್ಲಿ ನಿಂತುಬಿಟ್ಟರು.

"ಹುಡುಗನ ಮನೆಗೆ ಹೊರಟಿದ್ದೆ. ಹಿರಿಯರಾಗಿ ಬಂದಿದ್ರಲ್ಲ, ನಿಮಗೂ ಹೇಳೋಣ ಅಂತ ಬಂದೆ. ಹುಡುಗೀನ ಕೊಡ್ತೀನಿ. ಮನೆಅಳಿಯ ಆಗೋದು ಬೇಡ. ಹುಡುಗ ನಿಮ್ಮೂರಲ್ಲೇ ಇರಲಿ."

ಸುಬೇದಾರರ ಕಣ್ಣಲ್ಲಿ ನೀರು. ಭಟ್ಟರು ಎಲ್ಲರಿಗೂ ಪುಕ್ಕಟೆ ಕೇಸರಿಬಾತ್ ಎಂದು ಕೂಗಿಕೊಂಡು ಹೋಟೆಲಿಗೆ ಓಡಿದರು, ಸುಬೇದಾರರು ಹಿಂದೆಯೇ ನಡೆದರು. ಉಳಿದವರು ನಾನು, ಮಾವನವರು.

ನಾನು ಸುಮ್ಮನಿರಬಹುದಿತ್ತು. ಕೇಳಿಬಿಟ್ಟೆ: "ಮನಸ್ಸು ಹೇಗೆ ಬದಲಾಯ್ತು ಯಜಮಾನ್ರೆ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಮ್ಮೂರಿನವರು ಮನೆಗೆ ಬಂದು ಕೈ ಮುಗಿದ್ರು ಕಣ್ರೀ. ದಯವಿಟ್ಟು ಅವನನ್ನ ಇಲ್ಲಿಗೆ ಕರ್ಕೊಂಡು ಬರಬೇಡಿ, ಅವನು ಆ ಗೋಲಲ್ಲಿ ಇದ್ರೇನೇ ಈ ಸಲ ವಿಭಾಗ ನಮ್ದು ಅಂತ. ಚೆಂಡು ಎಲ್ಲಿಂದಾದ್ರೂ ಬರಲಿ, ಅವನು ಎಡಕ್ಕೇ ಹಾರೋದಂತೆ. ನಮ್ಮೂರಲ್ಲಿ ದನ ಕಾಯೋರಿಗೂ ಗೊತ್ತು. ನಿಮಗೆ ಗೊತ್ತಿಲ್ವಾ?"

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎರಡೂ ಊರು ಇಡೀ ಮಳೆಗಾಲ ಒಂದೇ ವರಕ್ಕೆ ಕಾದಿದ್ದವು. ಮೇಜಿನ ಮೇಲೆ ಮುಂದಿನ ಆಟಗಳಿಗೆಂದು ಕತ್ತರಿಸಿಟ್ಟ ತೇಪೆಗಳಿದ್ದವು, ಎಲ್ಲವೂ ಎಡಗೈಯವು. ಮೆಲ್ಲಗೆ ಅವುಗಳ ಮೇಲೆ ಒಂದು ಬಟ್ಟೆ ಎಳೆದೆ.

೬. ಹೊಸ ತೇಪೆ

ಸುಬೇದಾರರಿಗೆ ನಾನು ಹೇಳಲಿಲ್ಲ. ಆ ವಯಸ್ಸಿನಲ್ಲಿ ಅವರ ಮಳೆಗಾಲಗಳನ್ನು ಕೆಡಿಸುವುದು ಸರಿಯಲ್ಲ. ಗೋಲಿಗಂತೂ ಹೇಳಲು ಬಾಯಿ ಬರಲೇ ಇಲ್ಲ. ಕಾರ್ತಿಕದಲ್ಲಿ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಎರಡೂ ಊರಿನವರು ಒಬ್ಬರಿಗೊಬ್ಬರು ಒತ್ತಾಯ ಮಾಡಿ ಬಡಿಸಿಕೊಂಡರು. ಅಷ್ಟು ಸಂತೋಷದ ಬೀಗರನ್ನು ನಾನು ಮತ್ತೆ ಕಂಡಿಲ್ಲ.

ಕುಯ್ಲು ಮುಗಿಯುತ್ತ ಬಂತು. ಪಟೇಲರ ಗದ್ದೆಯಲ್ಲಿ ಕಂಬ ನೆಡುವ ಮಾತು ಶುರುವಾಯಿತು. ಮೊದಲ ಪಂದ್ಯವೇ ಕೆಳಗಿನೂರಿನ ಮೇಲೆ. ಬೆಂಚಿನ ಮೇಲೆ ಸುಬೇದಾರರು "ಈ ಸಲ ವಿಭಾಗ ನಮ್ದು" ಅಂದಾಗಲೆಲ್ಲ ನನ್ನ ಬೆರಳಿಗೆ ಸೂಜಿ ಚುಚ್ಚುತ್ತಿತ್ತು.

ಪಂದ್ಯಕ್ಕೆ ಎರಡು ದಿನ ಮೊದಲು ಗೋಲಿಯ ಹೆಂಡತಿ ಒಬ್ಬಳೇ ಬಂದಳು, ಕಂಕುಳಲ್ಲಿ ಅವನ ಜರ್ಸಿ. ನಾನು ಕೇಳುವ ಮೊದಲೇ ಎಡಗೈ ತೇಪೆ ಹುಡುಕತೊಡಗಿದೆ.

"ಆ ಕಡೆ ಅಲ್ಲಣ್ಣ. ಈ ಕಡೆ" ಎಂದು ಜರ್ಸಿ ಬಿಡಿಸಿ ಹಾಸಿದಳು.

ಎಡತೋಳು ಹಾಗೇ ಇತ್ತು. ಬಲ ಮೊಣಕೈ ಕಿತ್ತು ಚಿಂದಿಯಾಗಿತ್ತು.

"ಏನಮ್ಮಾ ಇದು?"

"ಮದುವೆ ಆದಾಗಿಂದ ದಿನಾ ಸಾಯಂಕಾಲ ಹಿತ್ತಲಲ್ಲಿ ನಿಲ್ಲಿಸಿ ಕಿತ್ತಳೆ ಎಸೀತಾ ಇದ್ದೀನಣ್ಣ, ಬಲಗಡೆಗೆ. ಮೊದಮೊದಲು ಒಂದೂ ಸಿಗ್ತಿರಲಿಲ್ಲ. ಈಗ ಒಂದೂ ಬಿಡಲ್ಲ." ಅವಳ ಮುಖದಲ್ಲಿ ಅಂದು ಸೆರಗಿನಲ್ಲಿ ಮುಚ್ಚಿಕೊಂಡಿದ್ದ ನಗು. "ತೇಪೆ ಗಟ್ಟಿಯಾಗಿ ಹಾಕಿ."

ಅಷ್ಟು ವರ್ಷದಲ್ಲಿ ಮೊದಲ ಸಲ ಬಲತೋಳಿಗೆ ತೇಪೆ ಕತ್ತರಿಸಿ, ಎರಡು ಸಾಲು ಹೊಲಿಗೆ ಹಾಕಿದೆ. ಮೂಲೆಯ ಪೆಟ್ಟಿಗೆಯಿಂದ ಕೆಂಪು ಪಟ್ಟಿ ತೆಗೆದು ಮಡಿಕೆ ಬಿಚ್ಚಿ, ಧೂಳು ಕೊಡವಿ ಗೂಟಕ್ಕೆ ಹಾಕಿದೆ.

ಜರ್ಸಿ ತೆಗೆದುಕೊಂಡು ಮೆಟ್ಟಿಲಿಳಿದವಳು ಮತ್ತೆ ತಿರುಗಿ ಬಂದಳು.

"ಅಣ್ಣ, ನಮ್ಮಪ್ಪ ಬಂದ್ರೆ ಮಾತ್ರ ಹೇಳಬೇಡಿ. ಪಾಪ, ಅವರ ಊರಿನವರು ಈ ಸಲ ತುಂಬ ಆಸೆ ಇಟ್ಕೊಂಡಿದ್ದಾರೆ."